ಮಾರಿಕಣಿವೆಗೆ ಹೋಗದ ಮಧ್ಯಾಹ್ನ

ಪರದೇಶದಿಂದ ವ್ಯಾಪಾರಕ್ಕೆ ಬಂದವರು ನಿಮ್ಮ ಊರು ನೋಡಬೇಕು ಅಂದರೆ ಯಾರಿಗೆ ತಾನೇ ಖುಷಿಯಾಗುವುದಿಲ್ಲ? ಕಾವ್ಯಶ್ರೀಗೂ ಆಯಿತು. ಆದರೆ ಅವಳ ಖುಷಿಯ ಕಾರಣವೇ ಬೇರೆ. ನೋಡುವ ಜಾಗ ಜಾಸ್ತಿಯಾದಷ್ಟೂ ಕೇಳುವ ಪ್ರಶ್ನೆ ಕಡಿಮೆಯಾಗುತ್ತದೆ ಅಂತ ಅವಳು ಲೆಕ್ಕ ಹಾಕಿದ್ದಳು. ಆ ಲೆಕ್ಕ ಎಷ್ಟು ತಪ್ಪು ಅನ್ನುವುದು ಸಂಜೆಯೊಳಗೆ ಗೊತ್ತಾಯಿತು.

ಬಂದಾಕೆಯ ಹೆಸರು ಲೀವ. ಬೆಲ್ಜಿಯಂ ದೇಶದ ಗೆಂಟ್ ಅನ್ನುವ ಊರಿನವಳು. ದೊಡ್ಡ ದೊಡ್ಡ ಹೋಟೆಲುಗಳಿಗೆ ನೆಲಹಾಸು ಒದಗಿಸುವ ವ್ಯಾಪಾರ. ಕಾವ್ಯಶ್ರೀ ಹೊಸದುರ್ಗದ ಕರಿಯುಣ್ಣೆ ನೇಕಾರರ ಸಂಘದ ಕಾರ್ಯದರ್ಶಿ. ಬೆಳಿಗ್ಗೆ ಸಂಘದ ಕಚೇರಿಯಲ್ಲಿ ಲೀವ ಕಂಬಳಿಯ ಮಾದರಿಗಳನ್ನೆಲ್ಲ ಮೂಸಿ, ಹಿಂಡಿ, ಬೆಳಕಿಗೆ ಹಿಡಿದು ನೋಡಿದಳು. ಬಣ್ಣ ಹಾಕದ ಕರಿ ಉಣ್ಣೆ, ಕೊನೆಯಲ್ಲಿ ಕೆಂಪು ಬಿಳಿ ಅಂಚು. ಅಂಚಿನ ಮೇಲೆ ಬೆರಳಾಡಿಸುತ್ತ ತುಂಬ ಹೊತ್ತು ಕೂತಿದ್ದಳು. ಬೇಕು ಅಂದಳು. ಒಂದಲ್ಲ ಎರಡಲ್ಲ, ಸಂಘದ ಮಗ್ಗಗಳು ವರ್ಷವಿಡೀ ನಿಲ್ಲದಷ್ಟು. ಬೆಂಗಳೂರಿಗೆ ಹೋಗಿ ವಿಮಾನ ಹತ್ತುವ ಮುಂಚೆ ಪಕ್ಕಾ ಮಾಡುತ್ತೇನೆ, ಅಲ್ಲಿಯವರೆಗೆ ಇನ್ನೂ ಸಮಯವಿದೆ, ನಿನ್ನ ಸಂಬಂಧಿಕರು ಯಾರಾದರೂ ಬಂದರೆ ಏನು ತೋರಿಸುತ್ತೀಯೋ ಅದನ್ನೇ ನನಗೂ ತೋರಿಸು ಅಂದಳು.

ಸಂಬಂಧಿಕರು ಬಂದರೆ ಕಾವ್ಯಶ್ರೀ ತೋರಿಸುತ್ತಿದ್ದದ್ದು ಅಡುಗೆಮನೆ. ಅದನ್ನು ಹೇಳಲಾದೀತೆ? ಹೊಳಲ್ಕೆರೆ ಗಣಪತಿ, ದುರ್ಗದ ಕೋಟೆ, ಹಿರಿಯೂರು ದಾರಿಯಲ್ಲಿ ಮಾರಿಕಣಿವೆ ಡ್ಯಾಂ ಅಂತ ಒಂದೇ ಉಸಿರಿಗೆ ಹೇಳಿಬಿಟ್ಟಳು. ಡ್ಯಾಂ ನೋಡಿ ಮುಗಿಯುವ ಹೊತ್ತಿಗೆ ಸಂಜೆಯಾಗುತ್ತದೆ, ಹಾಗೇ ಬೆಂಗಳೂರಿನ ದಾರಿ ಹಿಡಿಸಿದರೆ ಮುಗಿಯಿತು. ನೇಕಾರರ ಮನೆ ತೋರಿಸು ಅನ್ನುವುದಕ್ಕೆ ಪುರಸೊತ್ತೇ ಇರಬಾರದು.

ಅವಳಿಗೆ ಅಷ್ಟೊಂದು ಹೆದರಿಕೆ ಯಾಕೆ ಅಂತ ಹೇಳಿಬಿಡುತ್ತೇನೆ. ಅವಳ ಜನರಲ್ಲಿ ಕಂಬಳಿ ಅಂದರೆ ಬರೀ ಹಾಸಿಗೆಯಲ್ಲ. ದೇವರನ್ನು ಕೂರಿಸುವ ಗದ್ದುಗೆ ಕಂಬಳಿಯದು. ಮದುವೆಯಲ್ಲಿ ಹೆಣ್ಣು ಗಂಡು ಕೂರುವುದು ಕಂಬಳಿಯ ಮೇಲೆ. ಜಗಳ ಬಗೆಹರಿಸಲು ಹಿರಿಯರು ಸೇರಿದರೂ ಮೊದಲು ಕಂಬಳಿ ಹಾಸುತ್ತಾರೆ, ಅದರ ಮೇಲೆ ಕೂತವರು ಸುಳ್ಳು ಹೇಳುವ ಹಾಗಿಲ್ಲ. ಹೊದೆಯಬಹುದು, ಮಲಗಬಹುದು, ಮಕ್ಕಳು ಉಚ್ಚೆ ಹೊಯ್ದರೂ ತೊಳೆದು ಒಣಗಿಸಬಹುದು. ಮೆಟ್ಟು ಹಾಕಿಕೊಂಡು ಮಾತ್ರ ತುಳಿಯಬಾರದು. ಲೀವಳಿಗೆ ಬೇಕಾಗಿದ್ದದ್ದು ಹೋಟೆಲಿನ ನೆಲಕ್ಕೆ.

ಹಾಗಂತ ಹೇಳಿದರೆ ಯಾವ ನೇಕಾರರೂ ಒಪ್ಪುವುದಿಲ್ಲ. ಅದರಲ್ಲೂ ಯಲ್ಲದಕೆರೆಯ ದೊಡ್ಡಕ್ಕ ಒಪ್ಪುವುದಿಲ್ಲ, ಮತ್ತು ದೊಡ್ಡಕ್ಕ ಒಪ್ಪದಿದ್ದರೆ ಉಳಿದವರೂ ಇಲ್ಲ. ದೊಡ್ಡಕ್ಕ ಕಾವ್ಯಶ್ರೀಗೆ ಸೋದರತ್ತೆ. ಚಿಕ್ಕಂದಿನಲ್ಲಿ ನೂಲು ತೆಗೆಯುವುದನ್ನು ಕಲಿಸಿದವಳು. ಕಾವ್ಯಶ್ರೀ ಆಕೆಯ ಹತ್ತಿರ ಹೋಗಿ, ಪರದೇಶದವರು ಇದನ್ನು ಚಿತ್ರಪಟದ ಹಾಗೆ ಗೋಡೆಗೆ ನೇತುಹಾಕುತ್ತಾರೆ ಅತ್ತೆ ಅಂತ ಹೇಳಿದ್ದಳು. ದುರಾಸೆಯಿಂದ ಹೇಳಿದ್ದಲ್ಲ. ಸಂಘದಲ್ಲಿ ಮಗ್ಗಗಳು ಒಂದೊಂದೇ ನಿಲ್ಲುತ್ತಿದ್ದವು. ಹನುಮಂತಯ್ಯನಂಥ ಕೈ ಪಳಗಿದವನು ಮಗ್ಗ ಬಿಚ್ಚಿ ಅಟ್ಟಕ್ಕೆ ಹಾಕಿ ಹೊಳಲ್ಕೆರೆ ಕಡೆಗೆ ಅಡಿಕೆ ಸುಲಿಯುವ ಕೂಲಿಗೆ ಹೋಗುತ್ತಿದ್ದ. ಇದೊಂದು ಕೆಲಸ ಸಿಕ್ಕಿದರೆ ಅಟ್ಟದಿಂದ ಇಳಿಸುತ್ತೇನೆ ಅಂದಿದ್ದ. ಹೀಗೆ ಅತ್ತ ಅತ್ತೆಗೆ ಒಂದು ಸುಳ್ಳು, ಇತ್ತ ಲೀವಳಿಗೆ ಒಂದು ಮೌನ, ನಡುವೆ ಕಾವ್ಯಶ್ರೀ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತಿತ್ತು.

ಹೊಳಲ್ಕೆರೆಯಲ್ಲಿ ಬಯಲಲ್ಲೇ ಕೂತ ದೊಡ್ಡ ಗಣಪತಿಯ ಮುಂದೆ ಲೀವ ಎಲ್ಲರ ಹಾಗೆ ಬೂಟು ಬಿಚ್ಚಿ, ಕೈಮುಗಿದು, ಆಮೇಲೆ ಎಲ್ಲರ ಹಾಗೆ ತಿರುಗಿ ಬರದೆ ಗಣಪತಿಯ ಬೆನ್ನ ಹಿಂದಕ್ಕೆ ಹೋದಳು. ಅಲ್ಲಿಂದ ಕಾವ್ಯಶ್ರೀಯನ್ನು ಕರೆದಳು. ಗಣಪತಿಗೆ ಹಿಂದೆ ಜಡೆ. ಹೆಣೆದ ಜಡೆ. ಇವನಿಗೆ ಯಾರು ಜಡೆ ಹಾಕಿದರು, ಯಾಕೆ ಹಾಕಿದರು ಅಂತ ಲೀವಳ ಪ್ರಶ್ನೆ. ವರ್ಷಕ್ಕೆ ಹತ್ತು ಸಲ ಆ ಗಣಪತಿಗೆ ಕೈಮುಗಿದ ಕಾವ್ಯಶ್ರೀ ಅವನ ಬೆನ್ನು ನೋಡಿದ್ದು ಅದೇ ಮೊದಲು. ಗೊತ್ತಿಲ್ಲ ಅನ್ನುವುದು ಬಿಟ್ಟು, ಅದು ಹಳೇ ಸಂಪ್ರದಾಯ ಅಂದಳು. ಗೊತ್ತಿಲ್ಲದ್ದಕ್ಕೆಲ್ಲ ನಮ್ಮಲ್ಲಿ ಅದೊಂದು ಸಿದ್ಧ ಉತ್ತರ ಇದೆಯಲ್ಲ. ಲೀವ ಆ ಉತ್ತರವನ್ನು ಕೇಳಿಸಿಕೊಂಡು, ಜಡೆಯ ಹೆಣಿಗೆ ಎಷ್ಟು ಎಳೆಯದು ಅಂತ ಕತ್ತು ಚಾಚಿ ನೋಡತೊಡಗಿದಳು.

ಕೋಟೆಯಲ್ಲೂ ಇದೇ ಕತೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅಂತಾರಲ್ಲ, ಹಾಗೆ. ಕಾವ್ಯಶ್ರೀ ಬುರುಜು ತೋರಿಸಿದರೆ ಲೀವ ಬುರುಜಿನ ಕಲ್ಲಿನ ಸಂದಿ ನೋಡುವಳು. ಬಾಗಿಲುಗಳು ಯಾಕೆ ಇಷ್ಟು ವಕ್ರ ಅಂತ ಕೇಳಿದಳು. ಆನೆ ಓಡಿಬಂದು ಗುದ್ದಬಾರದು ಅಂತ ತಿರುವು ಇಟ್ಟಿದ್ದಾರೆ ಎಂದು ಕಾವ್ಯಶ್ರೀ ಹೇಳಿದಾಗ, ಲೀವ ತಾನೇ ಆನೆಯಾಗಿ ತಿರುವಿನವರೆಗೆ ದಡದಡ ನಡೆದು ನಿಂತು, ಹೌದು, ಆಗುವುದಿಲ್ಲ ಅಂತ ಒಪ್ಪಿದಳು. ಶಾಲೆಯ ಮಕ್ಕಳ ಗುಂಪೊಂದು ಅದನ್ನು ನೋಡಿ ನಕ್ಕಿತು. ಕಾವ್ಯಶ್ರೀಗೂ ನಗು ಬಂತು. ಓಬವ್ವನ ಕಿಂಡಿಯಲ್ಲಿ ತಲೆ ತೂರಿಸಿ ನೋಡಿದ್ದಾಯಿತು, ಹೊಂಡದ ಮೆಟ್ಟಿಲಲ್ಲಿ ಕೂತಿದ್ದಾಯಿತು. ಬೆಂಗಳೂರಿನಲ್ಲಿ, ಮುಂಬಯಿಯಲ್ಲಿ, ಇಸ್ತಾಂಬುಲ್‌ನಲ್ಲಿ ತಾನು ನೋಡಿರುವುದೆಲ್ಲ ಕೆಲಸದ ನಡುವೆ ಕದ್ದ ಒಂದೊಂದು ಗಂಟೆಯಲ್ಲೇ, ಯಾವ ಊರನ್ನೂ ಪೂರ್ತಿ ನೋಡಿಲ್ಲ, ಅದಕ್ಕೇ ಒಂದೇ ಒಂದನ್ನಾದರೂ ಹತ್ತಿರದಿಂದ ನೋಡುವುದು ರೂಢಿ ಅಂತ ಲೀವ ಹೇಳಿಕೊಂಡಳು. ಈಕೆ ತನಗೆ ಇಷ್ಟವಾಗುತ್ತಿದ್ದಾಳೆ ಅನ್ನುವುದೇ ಕಾವ್ಯಶ್ರೀಗೆ ತೊಡಕಾಯಿತು. ಇಷ್ಟವಿಲ್ಲದವರ ಹತ್ತಿರ ಮುಚ್ಚಿಡುವುದು ಸುಲಭ.

ಕೋಟೆಯ ಹೊರಬಾಗಿಲಿನ ಹತ್ತಿರ ಬೇವಿನ ಮರದ ನೆರಳಲ್ಲಿ ಚಿತ್ತಯ್ಯ ಅನ್ನುವ ಮುದುಕ ಸೌತೆಕಾಯಿ ಮಾರುತ್ತಿದ್ದ. ಕಾಯಿಗಳು ಗೋಣಿಚೀಲದ ಮೇಲೆ, ತಾನು ಕಂಬಳಿಯ ಮೇಲೆ. ಬಿಸಿಲಿಗೆ ಕೆಂಪಾಗಿ ಬಂದ ಲೀವಳನ್ನು ನೋಡಿ ಪಾಪ ಅನ್ನಿಸಿರಬೇಕು, ಸರಿದು ಜಾಗ ಮಾಡಿ, ಕುಂತ್ಕಳ್ರಿ ತಾಯಿ ಅಂದ. ಲೀವ ಸಂತೋಷದಿಂದ ಬೂಟುಗಾಲನ್ನು ಕಂಬಳಿಯ ಮೇಲಿಟ್ಟಳು. ಚಿತ್ತಯ್ಯ ಬೈಯಲಿಲ್ಲ. ಎರಡು ಬೆರಳಲ್ಲಿ ಕಂಬಳಿಯ ಅಂಚನ್ನು ಮೆಲ್ಲಗೆ ಎಳೆದುಕೊಂಡ, ಬೂಟಿನ ಕೆಳಗಿನಿಂದ ಅದು ಜಾರಿ ಈಚೆ ಬಂತು. ಆ ತುದಿಯನ್ನು ಕಣ್ಣಿಗೆ ಒತ್ತಿಕೊಂಡು ಮಡಚಿದ. ಆಮೇಲೆ ಏನೂ ಆಗದವನ ಹಾಗೆ ಸೌತೆಕಾಯಿ ಸೀಳಿ ಉಪ್ಪುಖಾರ ಸವರಿ ಕೊಟ್ಟ.

ನಾನು ಏನು ತಪ್ಪು ಮಾಡಿದೆ ಅಂತ ಲೀವ ಕೇಳಿದಳು. ಏನಿಲ್ಲ, ಧೂಳಾಗುತ್ತದೆ ಅಂತ ಎಳೆದುಕೊಂಡ ಎಂದಳು ಕಾವ್ಯಶ್ರೀ. ಲೀವ ಸೌತೆಕಾಯಿ ಕಚ್ಚುತ್ತ ಮುದುಕನ ಕೈಯನ್ನೇ ನೋಡಿದಳು. ಬಟ್ಟೆಯ ವ್ಯಾಪಾರ ಮಾಡುವವರ ಕಣ್ಣು ಅದು. ಧೂಳಾದರೆ ಕೊಡವುತ್ತಾರೆ, ಅವನು ಕೊಡವಲಿಲ್ಲ, ಕಣ್ಣಿಗೆ ಒತ್ತಿಕೊಂಡ ಅಂದಳು. ಕಾವ್ಯಶ್ರೀ ಕಾರಿನ ಕಡೆ ಬಿರಬಿರನೆ ನಡೆದಳು, ಡ್ಯಾಂಗೆ ಹೊತ್ತಾಗುತ್ತದೆ ಅಂತ.

ಕಾರು ಹಿರಿಯೂರಿನ ಹೆದ್ದಾರಿ ಹಿಡಿದು, ಗುಡ್ಡದ ಮೇಲಿನ ಗಾಳಿಯಂತ್ರಗಳು ಹಿಂದೆ ಸರಿಯುತ್ತಿದ್ದಂತೆ ಲೀವ ತೀರ್ಮಾನ ಹೇಳಿದಳು. ಡ್ಯಾಂ ಬೇಡ. ಡ್ಯಾಂ ತಮ್ಮ ದೇಶದಲ್ಲೂ ಇವೆ. ಕಂಬಳಿ ನೇಯುವ ಒಂದು ಮನೆ ನೋಡಬೇಕು. ಕಾವ್ಯಶ್ರೀಯ ಬಾಯಿಂದ ನೆಪಗಳು ಉದುರಿದವು: ಮನೆಗಳು ದೂರ, ದಾರಿ ಕೆಟ್ಟಿದೆ, ಈ ಹೊತ್ತಲ್ಲಿ ಯಾರೂ ಮನೆಯಲ್ಲಿರುವುದಿಲ್ಲ. ಡ್ರೈವರ್ ನಾಗರಾಜನಿಗೆ ಇಂಗ್ಲಿಷ್ ಬರುವುದು ಅಷ್ಟಕ್ಕಷ್ಟೇ, ಆದರೆ ಉಪಕಾರಬುದ್ಧಿ ಧಾರಾಳ. ಕನ್ನಡಿಯಲ್ಲಿ ಲೀವಳ ಮುಖ ನೋಡಿ, ಈ ಮೇಡಂ ಅವರ ಅತ್ತೆಯೇ ನೇಯುತ್ತಾರೆ, ಯಲ್ಲದಕೆರೆಯಲ್ಲಿ, ಡ್ಯಾಂಗಿಂತ ಅದೇ ಒಳ್ಳೆಯದು ಅಂತ ಇದ್ದಬದ್ದ ಇಂಗ್ಲಿಷನ್ನೆಲ್ಲ ಕೂಡಿಹಾಕಿ ಹೇಳಿದ. ಆಮೇಲೆ ಕಾವ್ಯಶ್ರೀ ಕಡೆ ತಿರುಗಿ, "ಅಕ್ಕಾ, ದೊಡ್ಡಕ್ಕ ಮನೇಲೇ ಅವ್ರೆ, ಹೆಂಗೂ ಈ ಕಡೆ ಬರ್ತೀವಲ್ಲ ಅಂತ ಬೆಳಿಗ್ಗೆ ಫೋನ್ ಮಾಡಿದ್ದೆ. ಹೋಗಾಣಲ್ಲ?" ಅಂದ. ಇಂಥ ಉಪಕಾರಿಯನ್ನು ಏನು ಮಾಡಬೇಕು ಹೇಳಿ. ಲೀವ ಕಾವ್ಯಶ್ರೀಯನ್ನು ನೋಡಿದಳು, ಕಾವ್ಯಶ್ರೀ ಕಿಟಕಿಯನ್ನು ನೋಡಿದಳು. ಹಿರಿಯೂರಿನಲ್ಲಿ ಕಾರು ಹೆದ್ದಾರಿ ಬಿಟ್ಟು ಯಲ್ಲದಕೆರೆ ಕಡೆ ತಿರುಗಿತು.

ದೊಡ್ಡಕ್ಕ ಜಗುಲಿಯಲ್ಲಿ ನೂಲು ತೆಗೆಯುತ್ತ ಕೂತಿದ್ದಳು. ಒಳಗೆ ಮಗ್ಗದ ಮೇಲೆ ಅರ್ಧ ನೇಯ್ದ ಕಂಬಳಿ, ಮೂಲೆಯಲ್ಲಿ ಹುಣಸೆಬೀಜದ ಗಂಜಿಯ ಮಡಕೆ, ಅದರ ಹುಳಿವಾಸನೆ ಮನೆಯೆಲ್ಲ. ಬಂದವರನ್ನು ನೋಡಿ ಗಡಿಬಿಡಿಪಡದೆ ಎದ್ದು, ಸೆರಗು ಸರಿಮಾಡಿಕೊಂಡು, ಪೆಟ್ಟಿಗೆಯಿಂದ ಹೊಸ ಕಂಬಳಿ ತೆಗೆದು ಹಾಸಿದಳು. ಲೀವ ಈ ಸಲ ಅಂಚಿನ ಹತ್ತಿರ ಬಂದು ನಿಂತಳು. ದೊಡ್ಡಕ್ಕನ ಬರಿಗಾಲು ನೋಡಿದಳು. ಬಗ್ಗಿ ಬೂಟಿನ ದಾರ ಬಿಚ್ಚಿ, ಬೂಟನ್ನು ಹೊಸ್ತಿಲಾಚೆ ಇಟ್ಟು ಬಂದು ಕೂತಳು. ದೊಡ್ಡಕ್ಕನ ಮುಖ ಅರಳಿತು.

ಕಾವ್ಯಶ್ರೀ ಮಾತ್ರ ಕಂಬಕ್ಕೆ ಒರಗಿ ನಿಂತೇ ಇದ್ದಳು. ಸೊಂಟ ನೋವು, ನಿಂತೇ ಮಾತಾಡುತ್ತೇನೆ ಅಂದಳು.

"ನಿಂತು ಮಾತಾಡಾಕೆ ನೀನೇನು ಬಸ್ ಕಂಡಕ್ಟ್ರಾ? ಕುಂತ್ಕ," ಅಂದಳು ದೊಡ್ಡಕ್ಕ.

ಕೂತಳು. ಹೇಗೆ ಕೂತಳು ಅಂದರೆ ಮೈಯ ಅರ್ಧ ಕಂಬಳಿಯ ಮೇಲೆ, ಅರ್ಧ ನೆಲದ ಮೇಲೆ. ಅರ್ಧ ಸುಳ್ಳಿಗಾದರೂ ಜಾಗ ಇರಲಿ ಅಂತ ಇರಬೇಕು.

ಮೊದಲು ಎಲ್ಲ ಸಲೀಸಾಗಿ ನಡೆಯಿತು. ಒಂದು ಕಂಬಳಿಗೆ ಎಷ್ಟು ಕುರಿಯ ಉಣ್ಣೆ ಬೇಕು, ಗಂಜಿ ಯಾಕೆ ಹಾಕುತ್ತಾರೆ, ಮಳೆಯ ನೀರು ಯಾಕೆ ಒಳಗಿಳಿಯುವುದಿಲ್ಲ ಅಂತ ಲೀವ ಕೇಳಿದಳು. ದೊಡ್ಡಕ್ಕನೂ ಬಿಡಲಿಲ್ಲ. ನಿಮ್ಮ ಕಡೆ ಕುರಿ ಕರಿಯವೋ ಬಿಳಿಯವೋ, ಹೀಗೆ ದೇಶ ಸುತ್ತುವಾಗ ಮನೆಯಲ್ಲಿ ಅಡುಗೆ ಯಾರು ಮಾಡುತ್ತಾರೆ, ವಿಮಾನದಲ್ಲಿ ನಿದ್ದೆ ಬರುತ್ತದಾ ಅಂತ ವಿಚಾರಿಸಿದಳು. ಗಂಡ ಮಾಡುತ್ತಾನೆ ಅನ್ನುವ ಉತ್ತರಕ್ಕೆ ದೊಡ್ಡಕ್ಕ ತುಸು ಹೊತ್ತು ಯೋಚಿಸಿ, ಉಪ್ಪು ಸರಿಯಾಗಿ ಹಾಕುತ್ತಾನಾ ಕೇಳು ಅಂದಳು. ಹಾಕುವುದಿಲ್ಲವಂತೆ. ಇಬ್ಬರೂ ನಕ್ಕರು. ನಡುವೆ ಕೂತು ಆ ಕಡೆಯ ಮಾತನ್ನು ಈ ಕಡೆಗೆ, ಈ ಕಡೆಯದನ್ನು ಆ ಕಡೆಗೆ ದಾಟಿಸುತ್ತಿದ್ದ ಕಾವ್ಯಶ್ರೀಗೆ ಮೈ ಹಗುರಾಗುತ್ತ ಬಂತು. ಹೀಗೇ ಇನ್ನು ಅರ್ಧ ಗಂಟೆ ಕಳೆದರೆ ಸಾಕು ಅಂದುಕೊಂಡಳು.

ಆಗ ದೊಡ್ಡಕ್ಕ ಕೇಳಿದಳು. "ಅಲ್ಲ ಕಾವ್ಯ, ಇವ್ರು ಗೋಡೆಗೆ ನೇತಾಕ್ತಾರಲ್ಲ, ಹಂಗೆ ಹಾಕಿರೋ ಫೋಟ ಏನಾರ ಐತಾ ಕೇಳು. ನೋಡ್ಬೇಕು ನಾನು."

ಏನು ಕೇಳುತ್ತಿದ್ದಾರೆ ಅಂತ ಲೀವ ಕಾವ್ಯಶ್ರೀ ಕಡೆ ತಿರುಗಿದಳು. ನಿಮ್ಮ ಮನೆಯವರ ಫೋಟೋ ಕೇಳುತ್ತಿದ್ದಾರೆ ಅಂದರೆ ಮುಗಿಯಿತು. ಲೀವ ಗಂಡನನ್ನೋ ಮಕ್ಕಳನ್ನೋ ತೋರಿಸುತ್ತಾಳೆ, ಗೋಡೆಯದು ಈಗ ಇಲ್ಲವಂತೆ ಅಂತ ಅತ್ತೆಗೆ ಹೇಳಬಹುದು. ಆ ಮಾತು ನಾಲಿಗೆಯ ತುದಿಗೆ ಬಂದು ಕೂತಿತು. ಕೈ ಕೆಳಗೆ ಕಂಬಳಿ ಒರಟಾಗಿ ಚುಚ್ಚುತ್ತಿತ್ತು. ಅವಳ ಅಪ್ಪ ಒಮ್ಮೆ ಹೀಗೆ ಹಾಸಿದ ಕಂಬಳಿಯ ಮೇಲೆ ಕೂತು, ಸುಳ್ಳು ಹೇಳಿದ್ದರೆ ಗೆಲ್ಲಬಹುದಾಗಿದ್ದ ಹೊಲದ ತಗಾದೆಯನ್ನು ನಿಜ ಹೇಳಿ ಸೋತು ಬಂದಿದ್ದ. ಆಮೇಲೆ ಅವ್ವ ಅವನನ್ನು ವಾರಗಟ್ಟಲೆ ಬೈದಿದ್ದಳು, ಅವನು ಚೆನ್ನಾಗಿ ಉಂಡು ಚೆನ್ನಾಗಿ ನಿದ್ದೆ ಮಾಡಿದ್ದ.

"ಅತ್ತೆ," ಅಂದಳು ಕಾವ್ಯಶ್ರೀ. "ಗೋಡೆಗಲ್ಲ. ಹೋಟ್ಲಿನ ನೆಲಕ್ಕೆ. ಬೂಟು ಹಾಕ್ಕಂಡೇ ಓಡಾಡ್ತಾರೆ. ನಿನಗೆ ನಾನು ಸುಳ್ಳು ಹೇಳಿದ್ದೆ."

ಆಮೇಲೆ ಅದನ್ನೇ ಲೀವಳಿಗೂ ಹೇಳಬೇಕಾಯಿತು. ಒಂದು ತಪ್ಪನ್ನು ಎರಡು ಭಾಷೆಯಲ್ಲಿ ಒಪ್ಪಿಕೊಳ್ಳುವ ಕಷ್ಟ ಶತ್ರುವಿಗೂ ಬೇಡ. ಚಿತ್ತಯ್ಯ ಕಂಬಳಿ ಎಳೆದುಕೊಂಡದ್ದು ಧೂಳಿಗಲ್ಲ, ನಮ್ಮಲ್ಲಿ ಇದನ್ನು ಮೆಟ್ಟಿನಲ್ಲಿ ತುಳಿಯುವುದಿಲ್ಲ, ಇದನ್ನು ನಿಮಗೆ ಹೇಳಿದರೆ ನೀವು ಕೊಳ್ಳುವುದಿಲ್ಲ, ಅವರಿಗೆ ಹೇಳಿದರೆ ಅವರು ನೇಯುವುದಿಲ್ಲ ಅಂತ ಮುಚ್ಚಿಟ್ಟೆ ಅಂದಳು. ಹೇಳುತ್ತ ಹೇಳುತ್ತ ಕಣ್ಣು ತುಂಬಿಕೊಂಡವು, ನಾಚಿಕೆಯಿಂದ.

ದೊಡ್ಡಕ್ಕ ಕೈಯಲ್ಲಿದ್ದ ನೂಲನ್ನು ಬಿಚ್ಚಿ ಮತ್ತೆ ಸುತ್ತಿದಳು. ಲೀವಳ ಕುತೂಹಲ ಮಾತ್ರ ಇಂಥ ಹೊತ್ತಿನಲ್ಲೂ ಸುಮ್ಮನಿರಲಿಲ್ಲ. ತುಳಿದರೆ ಏನಾಗುತ್ತದೆ ಅಂತ ಕೇಳು ಅಂದಳು. ಕಾವ್ಯಶ್ರೀ ಕೇಳಿದಳು.

ದೊಡ್ಡಕ್ಕ ಆ ಪ್ರಶ್ನೆಯನ್ನು ತಿರಸ್ಕರಿಸಲಿಲ್ಲ. ಯೋಚಿಸಿ ಹೇಳಿದಳು. "ಏನೂ ಆಗಲ್ಲ ತಾಯಿ. ತುಳಿಯೋರು ಅಲ್ಲಿರ್ತಾರೆ, ನಾನಿಲ್ಲಿರ್ತೀನಿ, ನನಗೇನು ಕಾಣ್ತೈತಾ? ಆದ್ರೆ ಮಗ್ಗಕ್ಕೆ ಕುಂತಾಗ ಗೊತ್ತಿರ್ತೈತಲ್ಲ. ಗೊತ್ತಿದ್ದೂ ಅಂಚು ಹಾಕಾಕೆ ನನ್ನ ಕೈ ಬರಲ್ಲ."

ಕಾವ್ಯಶ್ರೀ ಒಂದಕ್ಷರ ಬಿಡದೆ ದಾಟಿಸಿದಳು. ಲೀವ ತನ್ನ ಫೋನು ತೆಗೆದು ತಮ್ಮೂರಿನ ಹೋಟೆಲೊಂದರ ಚಿತ್ರ ತೋರಿಸಿದಳು, ಉದ್ದಕ್ಕೆ ಹಾಸಿದ ನೆಲಹಾಸು, ಎರಡೂ ಕಡೆ ದೀಪ. ದೊಡ್ಡಕ್ಕ ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು, ಚೆನ್ನಾಗೈತೆ ಅಂತ ಮನಸಾರೆ ಒಪ್ಪಿ, ಇಷ್ಟುದ್ದ ಪಡಸಾಲೆ ಗುಡಿಸುವವರು ಯಾರು ಅಂತ ಕೇಳಿದಳು. ಗುಡಿಸುವವರ ಕೂಲಿ ಎಷ್ಟು, ಅವರು ಯಾವ ದೇಶದವರು ಅನ್ನುವ ತನಕ ಮಾತು ಹೋಯಿತು. ಕಡೆಗೆ ಲೀವ ವ್ಯಾಪಾರದ ಮಾತು ಆಡಿದಳು. ಹೋಟೆಲಿಗೆ ಬಂದವರಿಗೆ ಬೂಟು ಬಿಚ್ಚಿ ಅಂತ ತಾನು ಹೇಳಲಾರೆ. ಹಾಗಾಗಿ ನೆಲಕ್ಕೆ ಇದು ಬೇಡ. ಹಾಸಿಗೆಯ ಮೇಲೆ ಹೊದೆಯಲು ತೆಗೆದುಕೊಳ್ಳಬಹುದು, ಆದರೆ ಅದಕ್ಕೆ ಬೇಡಿಕೆ ಕಡಿಮೆ, ಬೆಳಿಗ್ಗೆ ಹೇಳಿದ್ದರಲ್ಲಿ ಕಾಲು ಪಾಲು ಆದರೆ ಹೆಚ್ಚು. ಅಷ್ಟಕ್ಕೆ ಮಾತು ಕೊಡುತ್ತೇನೆ.

ಹೊರಗೆ ನಾಗರಾಜ ಎರಡು ಸಲ ಹಾರ್ನ್ ಹೊಡೆದ. ಲೀವ ಜಗುಲಿಯಲ್ಲಿ ಕೂತು ಬೂಟಿನ ದಾರ ಕಟ್ಟುತ್ತ, ತಲೆ ಎತ್ತದೆ ಕಾವ್ಯಶ್ರೀಗೆ ಹೇಳಿದಳು. ಇದನ್ನು ಬೆಳಿಗ್ಗೆಯೇ ಹೇಳಿದ್ದರೆ ಇಡೀ ದಿನ ಇಬ್ಬರೂ ಕೂತು ಬೇರೆ ದಾರಿ ಹುಡುಕಬಹುದಿತ್ತು, ನೀನು ನನ್ನನ್ನು ಕೋಟೆ ಸುತ್ತಿಸಿದೆ. ಸಿಟ್ಟಿನಿಂದ ಅಂದದ್ದಲ್ಲ. ಸಿಟ್ಟಿನಿಂದ ಅಂದಿದ್ದರೇ ವಾಸಿಯಿತ್ತು. ಆಮೇಲೆ ಎದ್ದು ನಿಂತು, ಗಣಪತಿಯ ಜಡೆಯ ವಿಷಯ ಯಾರನ್ನಾದರೂ ವಿಚಾರಿಸಿ ಬರೆದು ತಿಳಿಸು, ಈ ಸಲ ನಿಜವಾದದ್ದನ್ನು ಅಂದಳು. ಕಾರು ಧೂಳೆಬ್ಬಿಸಿಕೊಂಡು ಬೆಂಗಳೂರಿನ ಕಡೆ ಹೋಯಿತು. ಕಾವ್ಯಶ್ರೀ ಹೊಸದುರ್ಗಕ್ಕೆ ಬೆಳಿಗ್ಗೆ ಬಸ್ಸಿಗೆ ಹೋಗುವುದು ಅಂತಾಗಿ ಅಲ್ಲೇ ಉಳಿದಳು.

ಒಳಗೆ ಬಂದರೆ ದೊಡ್ಡಕ್ಕ ಹಾಸಿದ ಕಂಬಳಿಯನ್ನು ಇನ್ನೂ ಮಡಚಿರಲಿಲ್ಲ. ಕಾವ್ಯಶ್ರೀ ಅದರ ನಟ್ಟನಡುವೆ ಕುಸಿದು ಕೂತಳು. ಸಂಘದವರಿಗೆ ಹೇಳುವುದು ಹೇಗೆ ಅನ್ನುವುದೇ ತಲೆಯ ತುಂಬ. ವರ್ಷದ ಕೆಲಸ ಬರುತ್ತದೆ ಅಂದವಳು, ಕಾಲು ಪಾಲು ಹಿಡಿದುಕೊಂಡು ಯಾವ ಮುಖದಲ್ಲಿ ಹೋಗುವುದು?

"ಹನುಮಂತಯ್ಯ ಮಗ್ಗ ಇಳಿಸ್ತಾನೋ ಇಲ್ವೋ ಅತ್ತೆ. ನಾಳೆ ನನ್ನ ಎಲ್ರೂ ಸೇರಿ ಸಿಗಿದು ಹಾಕ್ತಾರೆ," ಅಂದಳು.

"ಹಾಕ್ತಾರೆ," ಅಂದಳು ದೊಡ್ಡಕ್ಕ. "ನನಗೂ ಸಿಟ್ಟು ಬಂದೈತೆ. ನನ್ನ ಹತ್ರ ಸುಳ್ಳು ಹೇಳೋ ಅಷ್ಟು ದೊಡ್ಡೋಳಾದೆಯಲ್ಲ ಅಂತ." ಅಷ್ಟು ಹೇಳಿ ಒಲೆಯ ಹತ್ತಿರ ಹೋದಳು. ಮುದ್ದೆಗೆ ಎಸರಿಟ್ಟಳು, ಸೊಪ್ಪು ಸೋಸಿದಳು, ಕಾವ್ಯಶ್ರೀ ಎದ್ದು ಬಂದು ಸಹಾಯ ಮಾಡಹೋದರೆ ಬೇಡ ಅಂತ ಕೈ ಅಡ್ಡ ಹಿಡಿದಳು. ಮುದ್ದೆ ತಿರುವಿ, ತಟ್ಟೆಗೆ ಹಾಕಿ, ಸಾರು ಬಿಟ್ಟು, ತಟ್ಟೆಯನ್ನು ಅವಳ ಮುಂದೆ ತಳ್ಳಿದ ಮೇಲೆ ಬಾಯಿ ಬಿಟ್ಟಳು.

"ನಾಳೆ ನಿನ್ ಜೊತೆ ನಾನೂ ಬರ್ತೀನಿ ಹೊಸದುರ್ಗಕ್ಕೆ. ಸುಳ್ಳು ಹೇಳಿದ್ದಕ್ಕೆ ನಿನ್ನ ಬೈತಾರೆ. ಒಲ್ಲೆ ಅಂದಿದ್ದಕ್ಕೆ ನನ್ನ ಬೈತಾರೆ. ಇಬ್ರೂ ಪಕ್ಕಪಕ್ಕ ಕುಂತು ಬೈಸ್ಕಳಾಣ. ಈಗ ಉಣ್ಣು."